ಹದಿನಾಲ್ಕು ಸೂತ್ರಗಳನ್ನು ಓದಿದ ಬೆಳಿಗ್ಗೆ

ನಮ್ಮ ಊರಿನಲ್ಲಿ ದನಿ ಏಳು ಹೆಜ್ಜೆಗಿಂತ ಮುಂದೆ ಹೋಗುವುದಿಲ್ಲ. ಎಂಟನೆಯ ಹೆಜ್ಜೆಯಲ್ಲಿ ನಿಂತವನಿಗೆ ನಿಮ್ಮ ತುಟಿ ಅಲುಗುವುದು ಕಾಣುತ್ತದೆ, ಅಷ್ಟೆ. ಹೀಗಾಗಿ ಇಲ್ಲಿ ಜಗಳವಾಡುವವರೂ ಹತ್ತಿರ ಬಂದೇ ಆಡಬೇಕು. ಸೊಪ್ಪಿನವಳು ತಲೆಯ ಮೇಲಿನ ಬುಟ್ಟಿಗೆ ಹಸಿರು ಬಾವುಟ ಸಿಕ್ಕಿಸಿಕೊಂಡು ಬರಬೇಕು. ಮದುವೆಯಲ್ಲಿ ಓಲಗದವರು ಒಂದು ಕಡೆ ಕೂರದೆ ಪಂಕ್ತಿಯಿಂದ ಪಂಕ್ತಿಗೆ ನಡೆಯುತ್ತ ಊದಬೇಕು. ನಾನು ಮೂವತ್ತೆರಡು ವರ್ಷ ಪಾಠ ಹೇಳಿದ ಶಾಲೆಯಲ್ಲಿ ಮಕ್ಕಳು ಸಾಲಾಗಿ ಕೂತವರೇ ಅಲ್ಲ, ನನ್ನ ಸುತ್ತ ಬಳೆಯಂತೆ ಕೂರುತ್ತಿದ್ದರು. ಆದರೆ ವಾಕಿಟಾಕಿಯೊಳಗೆ ಹೊಕ್ಕ ಮಾತು ಮಾತ್ರ ಊರಿನ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಇಲ್ಲಿ ಗಂಡಸರ ಸೊಂಟದಲ್ಲಿ, ಹೆಂಗಸರ ಸೆರಗಿನ ಗಂಟಿನಲ್ಲಿ, ಮಕ್ಕಳ ಕೊರಳಿನಲ್ಲಿ ಒಂದೊಂದು ವಾಕಿ ಇದ್ದೇ ಇರುತ್ತದೆ.

ಚಾನೆಲ್ಲುಗಳು ಇಪ್ಪತ್ತೆರಡು, ಮನೆಗಳು ಎಂಟುನೂರಕ್ಕೂ ಮೇಲೆ. ಒಂದೊಂದು ಚಾನೆಲ್ಲನ್ನು ನಲವತ್ತು ಮನೆಗಳವರು ಹಂಚಿಕೊಂಡು ಬಾಳಬೇಕು. ಒಬ್ಬರು ಗುಂಡಿ ಒತ್ತಿ ಮಾತನಾಡುತ್ತಿರುವಷ್ಟು ಹೊತ್ತು ಉಳಿದ ಮೂವತ್ತೊಂಬತ್ತು ಮನೆಗಳು ಬಾಯಿ ಮುಚ್ಚಿಕೊಂಡು ಕಾಯಬೇಕು. ಇಂಥ ಕಡೆ ಮಾತು ಸ್ವಂತ ಸೊತ್ತಲ್ಲ, ಊರಿನ ನಲ್ಲಿಯ ನೀರಿನ ಹಾಗೆ. ಇಷ್ಟು ಸರಳವಾದ ವಿಷಯ ನಮ್ಮ ಒಂಬತ್ತನೆಯ ಚಾನೆಲ್ಲಿನವರ ತಲೆಗೆ ಹತ್ತುತ್ತಿರಲಿಲ್ಲವೆಂಬುದೇ ನನ್ನ ಸಂಕಟವಾಗಿತ್ತು. ನಾನು ಗಿರಿಜಾಂಬ. ನಿವೃತ್ತಳಾದ ಮೇಲೆ ಚಾನೆಲ್ ಸಮಿತಿಯ ಕಾರ್ಯದರ್ಶಿಯಾದೆ. ಊರವರಿಗೆ ಆಗಲೂ ಟೀಚರು, ಈಗಲೂ ಟೀಚರು.

ಆ ಬೇಸಿಗೆಯಲ್ಲಿ ನಡೆದ ಅನಾಚಾರಗಳನ್ನು ಹೇಳಿದರೆ ನನ್ನ ಸಿಟ್ಟು ಅಕಾರಣವಾಗಿರಲಿಲ್ಲವೆಂದು ನೀವು ಒಪ್ಪುತ್ತೀರಿ. ಕೆಳಬೀದಿಯ ಒಂದು ಸಂಸಾರ ಮದುವೆಗೆ ಹೊರಟಾಗ, "ನಾಲ್ಕು ದಿನ ಊರಲ್ಲಿರಲ್ಲ, ಬೀಗದ ಕೈ ಹೂಕುಂಡದ ಕೆಳಗಿದೆ, ಬೆಕ್ಕಿಗೆ ಹಾಲು ಹಾಕಿ" ಎಂದು ನಾದಿನಿಗೆ ವಾಕಿಯಲ್ಲೇ ಹೇಳಿತು. ನಾಲ್ಕು ದಿನದ ಮೇಲೆ ಬಂದು ನೋಡಿದರೆ ಹಿತ್ತಾಳೆ ಪಾತ್ರೆಗಳೆಲ್ಲ ಮಾಯ. ಬೆಕ್ಕಿಗೆ ಮಾತ್ರ ಯಾರೋ ಹಾಲು ಹಾಕಿದ್ದರು. "ನಮ್ಮ ಸೆಟ್ಟಿನಲ್ಲಿ ಗುಟ್ಟಿನ ನಂಬರು ಹಾಕಿಸಿದ್ವಲ್ಲ ಟೀಚರೇ" ಎಂದು ಆ ಮನೆಯಾಕೆ ಅತ್ತಳು. ಗುಟ್ಟಿನ ನಂಬರು ಹಾಕಿದರೆ ಬೇರೆಯವರ ಮಾತು ನಿನಗೆ ಕೇಳಿಸುವುದಿಲ್ಲವೇ ಹೊರತು ನಿನ್ನ ಮಾತು ಬೇರೆಯವರಿಗೆ ಕೇಳಿಸದೆ ಇರುವುದಿಲ್ಲ ತಾಯಿ ಎಂದು ನಾನು ಎಷ್ಟು ಸಲ ಹೇಳಲಿ? ಕಣ್ಣು ಮುಚ್ಚಿಕೊಂಡವನು ತಾನು ಯಾರಿಗೂ ಕಾಣುವುದಿಲ್ಲವೆಂದು ನಂಬಿ ಬೀದಿಯಲ್ಲಿ ನಡೆದ ಹಾಗಾಯಿತು ಅದು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತ ಸೆರಗಿನ ವಾಕಿಯಲ್ಲಿ ಹರಿದು ಬರುವ ಹರಟೆಯನ್ನು ಕೇಳುವುದು, ಕೆರಳುವುದು, ಕಾಗದದಲ್ಲಿ ಒಂದು ಸೂತ್ರ ಬರೆಯುವುದು, ಮತ್ತೆ ತಿರುಗುವುದು. ಹೀಗೆ ಒಂದು ತಿಂಗಳಲ್ಲಿ 'ವಾಕಿಟಾಕಿ ಬಳಕೆಯ ಹದಿನಾಲ್ಕು ಸೂತ್ರಗಳು' ಸಿದ್ಧವಾದವು.

ಅದೇ ತಿಂಗಳಿನಲ್ಲಿ ನನ್ನ ಅಳಿಯ ಹೊನ್ನಪ್ಪ ಒಂದು ಮಧ್ಯಾಹ್ನ ಮನೆಗೆ ಬಂದ. ಬಾವಿಗಿಳಿದು ಹೂಳು ತೆಗೆಯುವುದು ಅವನ ಕಸುಬು. ಅವನು ನನ್ನ ವಿದ್ಯಾರ್ಥಿ; ನನ್ನ ತರಗತಿಯಲ್ಲಿ ಮೂರು ವರ್ಷ ಕೂತು ಮೂವತ್ತು ಮಾತಾದರೂ ಆಡಿದ್ದನೋ ಇಲ್ಲವೋ. ನನ್ನ ಮಗಳು ವಿನಯಾ ಅವನನ್ನೇ ಮದುವೆಯಾಗುವೆನೆಂದಾಗ, ಇವನ ಜೊತೆ ಏನು ಮಾತನಾಡಿಕೊಂಡು ಬಾಳುತ್ತೀಯೆ ಎಂದು ಕೇಳಿದ್ದೆ. ಅವನು ಬಾವಿಗಿಳಿದರೆ ವಿನಯಾ ಮೇಲೆ ಹಗ್ಗದ ಬಳಿ ನಿಲ್ಲುತ್ತಾಳೆ. ಬಾವಿ ಎಂದರೆ ಮೂವತ್ತು ನಲವತ್ತು ಅಡಿ. ಕೆಳಗಿನವನ ಕೂಗು ಮೇಲಕ್ಕೆ ಬರುವ ಮಾತೇ ಇಲ್ಲ. ಆದ್ದರಿಂದ ಗಂಡ ಹೆಂಡತಿ ಇಬ್ಬರ ಕೈಯಲ್ಲೂ ವಾಕಿ. ಒಂದೊಂದು ಬುಟ್ಟಿ ಕೆಸರು ತುಂಬಿದಾಗಲೂ ಅವನು "ಸರಿ" ಎನ್ನಬೇಕು, ಅವಳು "ಸರಿ" ಎಂದು ಉತ್ತರಿಸಿ ಬುಟ್ಟಿ ಸೇದಬೇಕು.

ಅಳಿಯನಾಗಿ ಎಂಟು ವರ್ಷವಾದರೂ ಹೊನ್ನಪ್ಪ ನನ್ನನ್ನು ಅತ್ತೆ ಎಂದವನಲ್ಲ. ಅಂದೂ ಹೊಸ್ತಿಲಾಚೆ, ತರಗತಿಯ ಬಾಗಿಲಲ್ಲಿ ನಿಂತ ಹಾಗೆಯೇ ನಿಂತು ಹೇಳಿದ: "ಟೀಚರೇ, ಬಾವಿ ಕೆಲಸಕ್ಕೆ ಬೇರೆ ಚಾನೆಲ್ ಕೊಡ್ಸಿ. ಇಪ್ಪತ್ತೆರಡನೇದು ಖಾಲಿ ಇದೆಯಂತೆ."

"ಖಾಲಿ ಇಲ್ಲ. ಮುಂದೆ ಬರುವ ಮನೆಗಳಿಗೆ ಮೀಸಲಿದೆ. ಒಳಗೆ ಬಾ, ಮಜ್ಜಿಗೆ ಕುಡಿ."

"ಬ್ಯಾಡಿ. ಒಂಬತ್ತರಲ್ಲಿ ಯಾವಾಗ್ಲೂ ಯಾರಾದ್ರೂ ಮಾತಾಡ್ತಾನೇ ಇರ್ತಾರೆ. ಕೆಳಗಿದ್ದಾಗ ಮೇಲಿನ ಮಾತು ತಕ್ಷಣ ಸಿಗ್ಬೇಕು."

"ಹಾಗಾದರೆ ಮಾತಾಡುವವರನ್ನು ತಿದ್ದಬೇಕು ಹೊನ್ನಪ್ಪ, ಚಾನೆಲ್ಲನ್ನಲ್ಲ. ಮನೆಗೊಂದೇ ಚಾನೆಲ್ ಎಂಬುದು ನಿಯಮ. ನನ್ನ ಅಳಿಯನೆಂದು ನಿನಗೆ ಎರಡು ಕೊಟ್ಟರೆ ನಾಳೆ ನಾನು ಯಾವ ಮುಖವಿಟ್ಟುಕೊಂಡು ಇನ್ನೊಬ್ಬರಿಗೆ ಬುದ್ಧಿ ಹೇಳಲಿ?"

ಅವನು "ಆಯ್ತು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಆಮೇಲೆ ವಿನಯಾ ಬಂದವಳು, "ಅಮ್ಮ, ಅವರು ನಿನ್ನ ಹತ್ರ ಬಾಯಿಬಿಟ್ಟು ಒಂದು ಕೇಳಿದ್ದು ಇದೇ ಮೊದಲು, ಗೊತ್ತಾ ನಿಂಗೆ?" ಎಂದಳು. ನಿಯಮ ಮೊದಲ ಸಲ ಕೇಳಿದವನಿಗೂ ಒಂದೇ, ನೂರನೆಯ ಸಲ ಕೇಳಿದವನಿಗೂ ಒಂದೇ ಎಂದೆ. ಆ ಉತ್ತರ ನನಗೆ ಬಹಳ ಹಿಡಿಸಿತ್ತು.

ತುಂಗಕ್ಕನ ಬಾವಿಯ ಹೂಳೆತ್ತಲು ಅವರು ಹೋದದ್ದು ಒಂದು ಗುರುವಾರ. ತುಂಗಕ್ಕ ನಮ್ಮ ಚಾನೆಲ್ಲಿನ ಮಹಾ ಹರಟೆಯ ಹೆಂಗಸು. ನನ್ನ ಸೂತ್ರಗಳಲ್ಲಿ ಆರನ್ನಾದರೂ ಅವಳ ಮುಖ ನೆನೆದುಕೊಂಡೇ ಬರೆದಿದ್ದೆ. ಅಂದು ಬೆಳಿಗ್ಗೆ ಹತ್ತು ಗಂಟೆಗೆ, ತನ್ನದೇ ಹಿತ್ತಲಿನಲ್ಲಿ ಬಾವಿ ಕೆಲಸ ನಡೆಯುತ್ತಿರುವಾಗ, ಹಿಂಬದಿಯ ಜಗುಲಿಯಲ್ಲಿ ಕಾಲು ಚಾಚಿ ಕೂತು ಅವಳು ತಂಗಿಗೆ ಮಾವಿನ ಮಿಡಿ ಉಪ್ಪಿನಕಾಯಿಯ ಕ್ರಮ ಹೇಳತೊಡಗಿದಳು. ಮಿಡಿಯನ್ನು ತೊಳೆಯುವುದಕ್ಕೇ ನಾಲ್ಕು ನಿಮಿಷ. ಉಪ್ಪಿಗೆ ಬರುವಷ್ಟರಲ್ಲಿ ನಡುವೆ ಒಂದು ಹೆಣ್ಣು ಮಗುವಿನ ದನಿ, "ಅಮ್ಮಾ, ಬಾಗ್ಲು ಹಾಕಿದೆ, ನಾನು ಹೊರ..." ಎಂದು ತೂರಿ ಬಂದು, ತುಂಗಕ್ಕನ ಸಾಸಿವೆಯ ಕೆಳಗೆ ಮುಚ್ಚಿಹೋಯಿತು.

ಒಂದು ಮಗು ಬಿಸಿಲಿನಲ್ಲಿ ಬೀಗದ ಮುಂದೆ ನಿಂತಿದೆ, ಈಕೆಗೆ ಸಾಸಿವೆ. ಇದಕ್ಕಿಂತ ದೊಡ್ಡ ಅಪರಾಧ ಯಾವುದಿದೆ? ತುಂಗಕ್ಕ ಉಸಿರೆಳೆದುಕೊಳ್ಳಲು ಬೆರಳು ಸಡಿಲಿಸಿದ ಕ್ಷಣವೇ ನಾನು ನನ್ನ ವಾಕಿಯ ಗುಂಡಿ ಒತ್ತಿದೆ. ಕಾಗದ ಕೈಯಲ್ಲಿತ್ತು.

"ಒಂಬತ್ತನೆಯ ಚಾನೆಲ್ಲಿನ ಬಂಧುಗಳೇ, ನಾನು ಗಿರಿಜಾಂಬ ಮಾತನಾಡುತ್ತಿದ್ದೇನೆ. ದಯವಿಟ್ಟು ಎಲ್ಲರೂ ಕೇಳಬೇಕು" ಎಂದು ಆರಂಭಿಸಿ ಓದಿದೆ. ಗುಂಡಿ ಒತ್ತಿದೊಡನೆ ಮಾತು ಆರಂಭಿಸಬಾರದು, ಮೊದಲ ಅಕ್ಷರ ಕಡಿದುಹೋಗುತ್ತದೆ. ಯಾರನ್ನು ಕರೆಯುತ್ತೀರೋ ಅವರ ಹೆಸರು ಮೊದಲು, ನಿಮ್ಮ ಹೆಸರು ಆಮೇಲೆ. ಮನೆಯಲ್ಲಿ ಯಾರೂ ಇಲ್ಲವೆಂದಾಗಲಿ, ಮಗು ಒಂಟಿಯಾಗಿದೆಯೆಂದಾಗಲಿ ಹೇಳಕೂಡದು. ಹೊರಗೆ ಹೋದವರು ಯಾವ ಹೊತ್ತಿಗೆ ಕರೆಯಬೇಕೆಂಬುದನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಹೋಗತಕ್ಕದ್ದು. ಆ ಹೊತ್ತಿಗೆ ಕರೆ ಬರದಿದ್ದರೆ ಹುಡುಕಲು ಹೊರಡತಕ್ಕದ್ದು. ಬ್ಯಾಟರಿ ಅರ್ಧಕ್ಕಿಳಿದ ವಾಕಿಯನ್ನು ಹೊರಗೆ ಒಯ್ಯಬಾರದು. ಒಂದೊಂದು ಸೂತ್ರಕ್ಕೂ ಒಂದೊಂದು ದೃಷ್ಟಾಂತ ಕೊಟ್ಟೆ. ಪಾತ್ರೆ ಕಳೆದುಕೊಂಡವರ ಹೆಸರು ಹೇಳದಿದ್ದರೂ ಬೆಕ್ಕನ್ನು ಹೇಳಿದೆ. ಏಳನೆಯ ಸೂತ್ರ ಬಹಳ ಮುಖ್ಯವಾದದ್ದು: ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ಗುಂಡಿಯನ್ನು ಹಿಡಿದಿರಬಾರದು, ಏಕೆಂದರೆ ನಿಮ್ಮ ಹರಟೆಯ ಹಿಂದೆ ಒಬ್ಬರ ಜೀವ ಕಾಯುತ್ತಿರಬಹುದು. ಇದನ್ನು ನಾನು ಎರಡು ಸಲ ಓದಿದೆ.

ಬಹಳ ವರ್ಷಗಳ ಮೇಲೆ ನನ್ನ ದನಿ ನನಗೆ ಸರಿಯಾಗಿ ಕೇಳಿಸುತ್ತಿತ್ತು. ತಿರುಗಾಟ ನಿಂತು, ಬಾಗಿಲಿನ ಚೌಕಟ್ಟಿಗೆ ಒರಗಿ, ತರಗತಿಯ ನಡುವೆ ನಿಂತ ಹಾಗೆ ನಿಂತಿದ್ದೆ. ಹದಿನಾಲ್ಕನೆಯದನ್ನು ಮುಗಿಸಿ ಗೋಡೆ ಗಡಿಯಾರ ನೋಡಿದೆ. ಹನ್ನೊಂದು ನಿಮಿಷ. "ಅರ್ಥವಾದವರು ಒಬ್ಬೊಬ್ಬರಾಗಿ ಹೇಳಿ" ಎಂದು ಬೆರಳು ತೆಗೆದೆ.

ಒಬ್ಬೊಬ್ಬರಾಗಿ ಯಾರೂ ಹೇಳಲಿಲ್ಲ. ನಾಲ್ಕೈದು ದನಿಗಳು ಒಂದರ ಮೇಲೊಂದು ಬಿದ್ದು ಕರಕರ ಎಂದವು. ಒಂದು ಪದವೂ ಬಿಡಿಯಾಗಿ ತಿಳಿಯಲಿಲ್ಲ. ನೋಡಿ, ಇದೇ ಅಶಿಸ್ತು ಎಂದುಕೊಂಡೆ. ಆಮೇಲೆ ಎಲ್ಲ ಅಡಗಿ ಒಂದೇ ದನಿ ಉಳಿಯಿತು. ನನ್ನ ಮಗಳದು. ಓಡಿ ಬಂದವಳಂಥ ಉಸಿರು.

"ಅಮ್ಮ, ಬೆರಳು ತೆಗೆದ್ಯಾ?"

"ತೆಗೆದೆ. ಏನು ವಿನಯಾ?"

"ಇನ್ನು ಒತ್ತಬೇಡ. ನರ್ಸಮ್ಮನ್ನ ಕರೀಬೇಕು."

ತುಂಗಕ್ಕನ ಮನೆ ನಮ್ಮ ಮನೆಯಿಂದ ಮೂರು ಬೀದಿ. ಆ ಮೂರು ಬೀದಿಯನ್ನು ನಾನು ಹೇಗೆ ದಾಟಿದೆನೋ ನನಗೆ ನೆನಪಿಲ್ಲ. ದಾರಿಯುದ್ದಕ್ಕೂ ಏನನ್ನೋ ಕೂಗುತ್ತಿದ್ದೆನಂತೆ, ಕಂಡವರು ಬಾಯಿ ಅಲುಗುವುದನ್ನು ನೋಡಿ ದಾರಿ ಬಿಟ್ಟರಂತೆ. ಹಿತ್ತಲಿನಲ್ಲಿ ಹೊನ್ನಪ್ಪ ಬಾವಿಕಟ್ಟೆಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಮೈಯೆಲ್ಲ ಕಪ್ಪು ಕೆಸರು, ತುಟಿ ನೀಲಿ. ತುಂಗಕ್ಕ ಮೊರದಿಂದ ಗಾಳಿ ಹಾಕುತ್ತಿದ್ದಳು. ವಿನಯಾ ಅವನ ಬೆನ್ನು ತಟ್ಟುತ್ತಿದ್ದಳು. ತಟ್ಟಿದಲ್ಲೆಲ್ಲ ಕೆಸರಿನ ಮೇಲೆ ರಕ್ತ ಹತ್ತುತ್ತಿತ್ತು. ಅದು ಅವನದಲ್ಲ, ಅವಳ ಅಂಗೈಯದು.

ನಡೆದದ್ದು ಇಷ್ಟು. ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡಿದ್ದರು, ದೀಪ ಚೆನ್ನಾಗಿಯೇ ಉರಿದಿತ್ತು. ಕೆಟ್ಟ ಗಾಳಿ ಇದ್ದದ್ದು ಹೂಳಿನ ಹೊಟ್ಟೆಯಲ್ಲಿ. ಗುದ್ದಲಿ ಆಳಕ್ಕೆ ಹೋದಾಗ ಎದ್ದಿತು. ಮೇಲೆ ವಿನಯಾ ವಾಕಿಯನ್ನು ಕಿವಿಗಿಟ್ಟುಕೊಂಡು ನಿಂತಿದ್ದಳು, ಅದರಲ್ಲಿ ನನ್ನ ಸೂತ್ರಗಳು ಬರುತ್ತಿದ್ದವು. ಒಂದು ಬುಟ್ಟಿಗೆ ಹಿಡಿಯುವ ಹೊತ್ತು ಮೀರಿತು, "ಸರಿ" ಬರಲಿಲ್ಲ. ನಾನು ಮಾತನಾಡುತ್ತಿರುವಾಗ ಅದು ಬರುವುದು ಸಾಧ್ಯವೂ ಇರಲಿಲ್ಲ. ಇನ್ನೂ ಅರ್ಧ ಬುಟ್ಟಿಯ ಹೊತ್ತು ಕಾದು, ಅವಳು ವಾಕಿಯನ್ನು ನೆಲಕ್ಕೆ ಹಾಕಿ ಅವನ ನಡುವಿಗೆ ಕಟ್ಟಿದ್ದ ಹಗ್ಗವನ್ನು ಎಳೆಯಲು ಆರಂಭಿಸಿದಳು. ಹಗ್ಗದ ತುದಿಯಲ್ಲಿದ್ದದ್ದು ಹತ್ತುವ ಮನುಷ್ಯನಲ್ಲ, ಬರೀ ಭಾರ. ತುಂಗಕ್ಕ ಜಗುಲಿಯಿಂದ ಅದನ್ನು ಕಂಡು ಓಡಿ ಬಂದು ಹಗ್ಗಕ್ಕೆ ಕೈ ಹಾಕಿದಳಂತೆ. ಇಬ್ಬರಿಂದಲೂ ಆಗದಾಗ ಅವಳೇ ಬೇಲಿಯ ಹತ್ತಿರ ಹೋಗಿ ಒಗೆದ ಕೆಂಪು ಸೀರೆಯನ್ನು ಬೀಸಿ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರನ್ನು ಕರೆತಂದಳಂತೆ. ನಾನು ಆ ಹೊತ್ತಿಗೆ ಹತ್ತನೆಯ ಸೂತ್ರದಲ್ಲಿದ್ದಿರಬೇಕು.

ಸಂಜೆಯ ಹೊತ್ತಿಗೆ ಅವನು ಎದ್ದು ಕೂತು ಗಂಜಿ ಕುಡಿದ. ಶ್ವಾಸ ಸರಿಹೋಗಿದೆ, ನಾಲ್ಕು ದಿನ ಇಳಿಯಕೂಡದು ಎಂದು ನರ್ಸಮ್ಮ ಹೇಳಿ ಹೋದಳು. ನಾನು ಅವನ ಮಂಚದ ಬಳಿ ನಿಂತಿದ್ದೆ. ಕೂರು ಎಂದು ಯಾರೂ ಹೇಳಲಿಲ್ಲ.

"ಯಾಕಪ್ಪ ಕರೆಯಲಿಲ್ಲ ನೀನು?" ಎಂದೆ. ಕೇಳಬಾರದಿತ್ತು. ಆದರೆ ನನಗೆ ಗೊತ್ತಾಗಬೇಕಾಗಿತ್ತು.

"ಎರಡು ಸಲ ಒತ್ತಿದೆ ಟೀಚರೇ. ಚಾನೆಲ್ ಬಿಡುವಿಲ್ಲ ಅಂತ ಟುಂಯ್ ಟುಂಯ್ ಅಂತು, ಮಾತು ಹೋಗ್ಲಿಲ್ಲ. ನೀವು ಏಳನೇದು ಹೇಳ್ತಿದ್ರಿ. ಮುಗಿಸ್ಲಿ ಅಂತ ಕಾದೆ."

"ಏಳನೆಯದು ಮುಗಿದ ಮೇಲೆ?"

"ಅದನ್ನೇ ಇನ್ನೊಂದು ಸಲ ಹೇಳಿದ್ರಿ. ಆಮೇಲೆ ಎಂಟನೇದು ಶುರುವಾಯ್ತು."

"ಹಗ್ಗವನ್ನಾದರೂ ಜಗ್ಗಬಾರದಿತ್ತೆ?"

"ಜಗ್ಗಬೋದಿತ್ತು. ಟೀಚರು ಮಾತಾಡ್ತಾ ಇದಾರಲ್ಲ, ಇನ್ನೇನು ಮುಗೀತದೆ ಅಂದ್ಕೊಂಡೆ. ಅಷ್ಟೊತ್ತಿಗೆ ಕೈ ನಂದಲ್ಲ ಅನ್ನಿಸ್ತು." ಅವನ ಮಾತಿನಲ್ಲಿ ಆರೋಪದ ಎಳೆಯೂ ಇರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಕಷ್ಟಪಡುವ ಹುಡುಗನಂತೆ ಹಣೆ ಗಂಟಿಕ್ಕಿಕೊಂಡಿದ್ದ. ಟೀಚರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದೆಂದು ಅವನಿಗೆ ಕಲಿಸಿದವಳು ನಾನು. ಅವನು ಕಲಿತದ್ದು ಅದೊಂದೇ ಪಾಠ ಎಂದು ನಾನೇ ಒಮ್ಮೆ ಯಾರೊಡನೆಯೋ ನಕ್ಕದ್ದುಂಟು.

ಅನ್ಯಾಯವನ್ನು ಕಂಡು ಸುಮ್ಮನಿರುವುದು ಅನ್ಯಾಯವೆಂದು ಬಾಳಿದವಳು ನಾನು. ಈಗ ಅನ್ಯಾಯ ಮಾಡಿದವಳು ನಾನೇ ಆಗಿದ್ದೆ. ಇದನ್ನು ವಾಕಿಯಲ್ಲಿ ಹೇಳಿ ಮುಗಿಸುವುದು ಸುಲಭವಾಗಿತ್ತು. ಆದರೆ ಮತ್ತೆ ಆ ಗುಂಡಿಗೆ ಬೆರಳಿಡುವುದು ನನ್ನಿಂದಾಗುತ್ತಿರಲಿಲ್ಲ. ಮರುದಿನದಿಂದ ಮೂರು ದಿನ ನಲವತ್ತು ಮನೆಗೂ ನಡೆದೆ. ಒಂದೊಂದು ಬಾಗಿಲಿನಲ್ಲೂ ಏಳು ಹೆಜ್ಜೆಯೊಳಗೆ ನಿಂತು, ಗುರುವಾರ ಬೆಳಿಗ್ಗೆ ಹನ್ನೊಂದು ನಿಮಿಷ ಚಾನೆಲ್ಲನ್ನು ಹಿಡಿದವಳು ನಾನು, ಅದರಿಂದ ಒಬ್ಬನ ಜೀವ ಹೋಗುವುದರಲ್ಲಿತ್ತು, ತಪ್ಪು ನನ್ನದು ಎಂದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಬಿಡಿ ಟೀಚರೇ, ಒಳ್ಳೇದೇ ಹೇಳಿದ್ರಲ್ಲ" ಎಂದರು. "ನಮ್ಮತ್ತೆ ಹದಿನಾಲ್ಕೂ ಬರ್ಕೊಂಡಿದಾರೆ" ಎಂದು ಒಬ್ಬಳು ಹೆಮ್ಮೆಯಿಂದ ಕಾಗದ ತೋರಿಸಿದಳು. ಆ ಮಗುವಿನ ಬೀಗ ತೆಗೆದವರು ಯಾರು ಎಂದು ಕೇಳುತ್ತ ಹೋದೆ. ಅದರ ತಾಯಿ ಗೋಡೆಗೊರಗಿ ನಿಂತು, "ಅವಳು ಹೇಗೋ ಕಿಟಕಿ ಹತ್ತಿ ಬಂದ್ಲು. ನೀವು ಓದ್ತಾ ಇದ್ರಲ್ಲ, ನಂಗೂ ಕರೆಯಕ್ಕಾಗ್ಲಿಲ್ಲ" ಎಂದಳು. ಆಕೆಯೊಬ್ಬಳೇ ನನಗೆ ನೀರು ಬೇಕೇ ಎಂದು ಕೇಳದವಳು. ಆಕೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ತುಂಗಕ್ಕನ ಮನೆಗೆ ಕೊನೆಗೆ ಹೋದೆ. ಅವಳು ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟುತ್ತಿದ್ದಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಕೇಳಿ, "ನಾನೂ ಏನು ಕಮ್ಮಿ ಮಾತಾಡಿದ್ನಾ?" ಎಂದಳು. "ಆದ್ರೆ ಒಂದು ಟೀಚರೇ. ನಾನು ಮಾತಾಡೋವಾಗ ನಡುನಡುವೆ ಉಸಿರು ತಗೋತೀನಿ. ನೀವು ತಗೊಳ್ಳಲೇ ಇಲ್ಲ."

ಸಮಿತಿಯಲ್ಲಿ ಇಪ್ಪತ್ತೆರಡನೆಯ ಚಾನೆಲ್ಲನ್ನು ಬಾವಿಗಿಳಿಯುವವರಿಗೆ ಬಿಟ್ಟುಕೊಡುವ ಠರಾವನ್ನು ನಾನೇ ಬರೆದು, ಸಹಿ ಹಾಕಿ, ಕಾರ್ಯದರ್ಶಿಯ ಜಾಗ ಬಿಟ್ಟೆ. ಠರಾವಿನ ಪ್ರತಿಯನ್ನು ವಿನಯಾಳಿಗೆ ಕೊಡಲು ಹೋದಾಗ ಅವಳ ಎರಡು ಅಂಗೈಗೂ ಬಟ್ಟೆ ಸುತ್ತಿತ್ತು. ಕಾಗದವನ್ನು ಹಿಡಿದುಕೊಳ್ಳಲಾರದೆ, ಅಲ್ಲಿಡು ಎಂದು ಗಲ್ಲದಿಂದ ತೋರಿಸಿದಳು. "ತಿಂಗಳ ಹಿಂದೆ ಇದನ್ನು ಬರೆಯೋದಕ್ಕೆ ಎಷ್ಟು ಹೊತ್ತು ಹಿಡೀತಿತ್ತಮ್ಮ?" ಎಂದಳು. ಬಯ್ಯುವ ದನಿಯಲ್ಲ; ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ. ಕಾಲು ಗಂಟೆ ಎಂದೆ.

ಆರನೆಯ ದಿನ ಹೊನ್ನಪ್ಪ ಬಂದು ಮತ್ತೆ ಹೊಸ್ತಿಲಾಚೆ ನಿಂತ.

"ತುಂಗಕ್ಕನ ಬಾವಿ ಅರ್ಧಕ್ಕೆ ನಿಂತಿದೆ. ಆ ಬೀದಿಗೆಲ್ಲ ಅದೇ ನೀರು. ನಾಳೆ ಇಳೀತೀನಿ. ವಿನಯಾ ಕೈ ಇನ್ನೂ ವಾಸಿ ಆಗಿಲ್ಲ. ಮೇಲೆ ನೀವು ನಿಲ್ಬೇಕು."

"ನಾನೇ? ಬೇರೆ ಯಾರೂ ಸಿಗಲಿಲ್ಲವೆ?"

"ಸಿಗ್ತಾರೆ. ಇಬ್ಬರು ಗಂಡಸರು ಹಗ್ಗ ಎಳಿಯಕ್ಕೆ ಬರ್ತಾರೆ. ಕೇಳಿಸ್ಕೊಳ್ಳೋರು ಬೇಕು. ಆ ಗಂಡಸರಿಗೆ ಅದು ಆಟ. ನಿಮಗೆ ಹಾಗಿರಲ್ಲ ಈಗ."

ಮರುದಿನ ಗಾಳಿಯಾಡಲೆಂದು ಅವನು ಬೆಳಿಗ್ಗೆಯೆಲ್ಲ ಬಾವಿಯೊಳಕ್ಕೆ ಬೇವಿನ ರೆಂಬೆಗಳನ್ನು ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿದ. ದೀಪ ಇಳಿಸಿ ನೋಡಿದ. ಹೂಳನ್ನು ಉದ್ದನೆಯ ಗಳದಿಂದ ಕಲಕಿ, ಒಂದು ತಾಸು ಬಿಟ್ಟು, ಮತ್ತೆ ದೀಪ ಇಳಿಸಿದ. ಆಮೇಲೆ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ. ನಾನು ಕಟ್ಟೆಗೆ ಹೊಟ್ಟೆಯಾನಿಸಿ, ಇಪ್ಪತ್ತೆರಡನೆಯ ಚಾನೆಲ್ಲಿಗಿಟ್ಟ ವಾಕಿಯನ್ನು ಕಿವಿಗೆ ಒತ್ತಿಕೊಂಡು ನಿಂತೆ. ಎಷ್ಟು ನಿಶ್ಶಬ್ದವಾದ ಚಾನೆಲ್ಲು ಅದು. ಕೆಳಗೆ ಅವನ ಬೋಳುತಲೆ ಒಂದು ಬಟ್ಟಲಿನಷ್ಟು ಕಾಣುತ್ತಿತ್ತು. ಮೊದಲ "ಸರಿ" ಬಂದಿತು. "ಸರಿ" ಎಂದೆ. ಎರಡನೆಯದೂ ಬಂದಿತು.

ಮೂರನೆಯದು ತಡವಾಯಿತು. ನಾನು ಎಣಿಸುತ್ತಿದ್ದೆ, ನೂರಾ ಇಪ್ಪತ್ತಕ್ಕೆ ಬರಬೇಕಾದದ್ದು ನೂರಾ ಮೂವತ್ತಾದರೂ ಬರಲಿಲ್ಲ. ಕೇಳೋಣವೆಂದು ಬೆರಳು ಗುಂಡಿಯ ಮೇಲೆ ಹೋಯಿತು. ನಾನು ಒತ್ತಿರುವ ಆ ಒಂದು ಚಣದಲ್ಲೇ ಅವನು ಕರೆದರೆ? ಬೆರಳು ತೆಗೆದು, ಗಂಡಸರಿಗೆ ಎಳೆಯಿರಿ ಎಂದು ಕೈ ಮಾಡಿ, ನಾನೂ ಹಗ್ಗ ಹಿಡಿದೆ. ಮೂರು ಜನ ಒಂದೇ ಉಸಿರಿಗೆ ಸೇದಿದೆವು. ಹೊನ್ನಪ್ಪ ಗೋಡೆಗೆ ತಾಗುತ್ತ, ತಿರುಗುತ್ತ, ಕೈಯಲ್ಲಿ ಅರ್ಧ ತುಂಬಿದ ಬುಟ್ಟಿಯನ್ನು ತಬ್ಬಿಕೊಂಡೇ ಮೇಲೆ ಬಂದ. ಚೆನ್ನಾಗಿಯೇ ಇದ್ದ.

"ಏನಾಯ್ತು ಟೀಚರೇ?"

"ನೀನು ಸರಿ ಅನ್ನಲಿಲ್ಲ."

"ಒಂದು ಕಲ್ಲು ಸಿಕ್ಕಿತ್ತು. ಎರಡು ಕೈಯಲ್ಲೂ ಹಿಡ್ಕೊಂಡಿದ್ದೆ."

"ನೀನು ಸರಿ ಅನ್ನಲಿಲ್ಲ" ಎಂದು ಮತ್ತೆ ಹೇಳಿದೆ. ಹಗ್ಗ ಹಿಡಿದಿದ್ದ ಗಂಡಸರಲ್ಲಿ ಒಬ್ಬ ನಕ್ಕ, ಹೊನ್ನಪ್ಪ ನಗಲಿಲ್ಲ. ಹಣೆಯ ಕೆಸರನ್ನು ತೋಳಿನಿಂದ ಒರೆಸಿಕೊಂಡು ಮತ್ತೆ ಇಳಿದ.

ಆ ದಿನ ನಾಲ್ಕು ಸಲ ಅವನನ್ನು ಹೀಗೆಯೇ ಮೇಲಕ್ಕೆಳೆದೆ. ಒಮ್ಮೆ ಅವನಿಗೆ ಸೀನು ಬಂದಿತ್ತು. ಒಮ್ಮೆ ಬುಟ್ಟಿಯ ಹಿಡಿ ಕಿತ್ತಿತ್ತು. ಒಮ್ಮೆ ನಾನು ಎಣಿಸುವುದರಲ್ಲೇ ತಪ್ಪಿದ್ದೆ. ಕೆಲಸ ಅರ್ಧವೂ ಆಗಲಿಲ್ಲ. ಹಗ್ಗದ ಗಂಡಸರು ಗೊಣಗಿದರು. ಇನ್ನೂ ಎರಡು ದಿನ ಹಿಡಿಯುತ್ತದೆಂದು ತುಂಗಕ್ಕ ಪಕ್ಕದ ಬೀದಿಯಿಂದ ನೀರು ತರಿಸಲು ವ್ಯವಸ್ಥೆ ಮಾಡಿಕೊಂಡಳು. ಐದನೆಯ ಸಲ ಇಳಿಯುವಾಗ ಹೊನ್ನಪ್ಪ ಕಟ್ಟೆಯ ಮೇಲೆ ಒಂದು ಚಣ ಕೂತು, ಎರಡೂ ಮೊಣಕಾಲುಗಳ ತರಚನ್ನು ನೋಡಿಕೊಂಡ.

"ಎಳೀರಿ ಟೀಚರೇ, ಬ್ಯಾಡ ಅನ್ನಲ್ಲ. ಸ್ವಲ್ಪ ನಿಧಾನಕ್ಕೆ ಎಳೀರಿ" ಎಂದು ಹೇಳಿ ಕತ್ತಲೆಯೊಳಕ್ಕೆ ಕಾಲಿಟ್ಟ. ನಾನು ವಾಕಿಯನ್ನು ಕಿವಿಗೆ ಒತ್ತಿಕೊಂಡು ಒಂದರಿಂದ ಎಣಿಸತೊಡಗಿದೆ.